ತುಳಿಯಬಾರದ ಗೆರೆ

ಮೊನ್ನೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೈ ಹಾಕಿ ಸೋಪಿನ ಚೂರು ಹುಡುಕುತ್ತಿದ್ದೆ. ಸೋಪು ಸಿಗಲಿಲ್ಲ, ಒಂದು ಪುಟ್ಟ ಬಟ್ಟೆ ಚೀಲ ಸಿಕ್ಕಿತು. ನಮ್ಮತ್ತೆಯ ಹಳೇ ಸೀರೆಯ ನೇರಳೆ ತುಂಡು, ಸುತ್ತಲೂ ಅವರ ಕೈಹೊಲಿಗೆ. ಶ್ರಾವಣದ ಜಿಟಿಜಿಟಿ ಮಳೆಗೆ ನೆಂದು ಭಾರವಾಗಿತ್ತು. ಎತ್ತಿ ನೋಡಿದರೆ ಹೊಲಿಗೆಯ ಸಂದಿಯಿಂದ ಬೆಳ್ಳಗೆ ಏನೋ ಇಣುಕುತ್ತಿದೆ. ಒಳಗಿದ್ದ ಹುರುಳಿಕಾಳು ಮೊಳಕೆ ಬಂದುಬಿಟ್ಟಿದೆ. ಒಂದೆರಡಕ್ಕೆ ಎಲೆಯೂ ಬಿಟ್ಟಿದೆ, ಆಗತಾನೇ ಕಣ್ಣು ಬಿಟ್ಟ ಬೆಕ್ಕಿನ ಮರಿಗಳ ಹಾಗೆ ಬೆಳಕಿನ ಕಡೆಗೇ ತಿರುಗಿಕೊಂಡಿವೆ.

ಅತ್ತೆ ಬಂದು ನೋಡಿದರು. "ಅಯ್ಯೋ, ಎರಡು ದಿನ ಮುಂಚೆ ಸಿಕ್ಕಿದ್ರೆ ಬಸ್ಸಾರಿಗೆ ಆಗ್ತಿತ್ತಲ್ಲವ್ವ" ಅಂದು ಒಳಗೆ ಹೋದರು.

ನಾನು ಅಲ್ಲೇ ಕೂತುಬಿಟ್ಟೆ. ನನ್ನದು ಇದೊಂದು ಕೆಟ್ಟ ಅಭ್ಯಾಸ ನೋಡಿ. ಕೈಗೆ ಒಂದು ವಸ್ತು ಸಿಕ್ಕರೆ ಸಾಕು, ಮನಸ್ಸು ಎಲ್ಲಿಗೋ ಹೊರಟುಬಿಡುತ್ತದೆ. ಒಲೆಯ ಮೇಲೆ ಹಾಲಿರುತ್ತದೆ, ನಲ್ಲಿಯಲ್ಲಿ ನೀರು ಬಿಟ್ಟಿರುತ್ತದೆ, ನಾನು ಮಾತ್ರ ಅಲ್ಲಿರುವುದಿಲ್ಲ. ನಮ್ಮ ಮನೆಯಲ್ಲಿ ಉಕ್ಕಿದ ಹಾಲಿಗೆಲ್ಲ ಹೀಗೆ ಒಂದೊಂದು ಕಥೆಯಿದೆ. ಆ ದಿನ ಉಕ್ಕಿದ ಹಾಲಿನ ಕಥೆ ಈ ಹುರುಳಿ ಚೀಲದ್ದು.

ನಾವಿರುವುದು ತುಮಕೂರಿನ ಬಟವಾಡಿಯಲ್ಲಿ. ಹೈವೇ ಗದ್ದಲದಿಂದ ಎರಡು ಅಡ್ಡರಸ್ತೆ ಒಳಗೆ, ಕೆಂಪು ನೆಲದ ಹಳೇ ಬಾಡಿಗೆ ಮನೆ. ನಮ್ಮೆಜಮಾನರು ಟ್ರ್ಯಾಕ್ಟರ್ ಶೋರೂಮಿನಲ್ಲಿ ಮೆಕ್ಯಾನಿಕ್. ಅತ್ತೆ ಕುಣಿಗಲ್ ಕಡೆಯವರು, ಮಾವ ಹೋದಮೇಲೆ ನಮ್ಮ ಜೊತೆಗೇ ಇದ್ದಾರೆ. ನಮಗೆ ಒಬ್ಬಳೇ ಮಗಳು, ಸಿಂಚನ. ಈಗ ಎರಡನೇ ಕ್ಲಾಸು.

ಸಿಂಚನ ಬೀಳುತ್ತಾಳೆ. ಹೊಸಿಲು ಎಡವಿ ಬೀಳುತ್ತಾಳೆ, ಏನೂ ಇಲ್ಲದ ಕಡೆಯೂ ಬೀಳುತ್ತಾಳೆ. ಹಾಲಿನ ಲೋಟ ಅವಳ ಕೈಗೆ ಹೋದರೆ ನಾನು ಒರೆಸುವ ಬಟ್ಟೆ ಹಿಡಿದೇ ನಿಲ್ಲುತ್ತೇನೆ. ಯೂನಿಫಾರಂ ಗುಂಡಿ ಹಾಕಿಕೊಳ್ಳಲು ಕೂತರೆ ಒಂದು ಗುಂಡಿಗೆ ಒಂದು ಸ್ತೋತ್ರ ಮುಗಿಯುತ್ತದೆ, ಅದೂ ಕೊನೆಗೆ ಪಕ್ಕದ ತೂತಿಗೆ ಸೇರಿರುತ್ತದೆ. ಸ್ತೋತ್ರ ಮಾತ್ರ ಒಂದಕ್ಷರ ತಪ್ಪಿರುವುದಿಲ್ಲ. ನಾನು ದೇವರ ಮುಂದೆ ಹೇಳಿಕೊಳ್ಳುವುದನ್ನು ಕೇಳಿ ಕೇಳಿಯೇ ಕಲಿತವಳು ಅವಳು.

ಎಲ್ಲಕ್ಕಿಂತ ದೊಡ್ಡ ತಂಟೆ ರಂಗೋಲಿಯದ್ದು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ಅತ್ತೆಯ ಕೆಲಸ, ನನಗೆ ಆ ಪುಡಿಯನ್ನು ಮುಟ್ಟಲೂ ಬಿಡುವುದಿಲ್ಲ. ಚುಕ್ಕಿ ಇಟ್ಟು, ಎಳೆ ಎಳೆದು, ಸೊಂಟ ಹಿಡಿದುಕೊಂಡು ಎದ್ದು ನಿಂತು ತಮ್ಮ ಕೆಲಸವನ್ನು ತಾವೇ ಒಂದು ಗಳಿಗೆ ನೋಡಿಕೊಳ್ಳುವಷ್ಟರಲ್ಲಿ ಸ್ಕೂಲ್ ವ್ಯಾನು ಹಾರನ್ ಹೊಡೆಯುತ್ತದೆ. ಇವಳು ಬ್ಯಾಗು ಎಳೆದುಕೊಂಡು ಹೊರಡುತ್ತಾಳೆ, ತಾವರೆಯ ಒಂದು ದಳ ಗೇಟಿನವರೆಗೂ ಅವಳ ಜೊತೆ ಹೋಗುತ್ತದೆ. ಅತ್ತೆ ಬೈಯುತ್ತಿದ್ದರು. "ರಂಗೋಲಿ ತುಳೀಬಾರ್ದು ಕಣೇ. ಲಕ್ಷ್ಮಿ ಮುನಿಸ್ಕೋತಾಳೆ." ಆಮೇಲಾಮೇಲೆ ಮಗು ಕಾಂಪೌಂಡ್ ಗೋಡೆಗೆ ಒಂದು ಕೈ ಊರಿಕೊಂಡು, ಹಲ್ಲಿಯ ಹಾಗೆ ಗೋಡೆಗೇ ಅಂಟಿಕೊಂಡು ಬಳಸಿ ಹೋಗುವುದನ್ನು ಕಲಿತಳು. ಅದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಆಗ ಅದು ನಗುವ ವಿಷಯ ಅಂತಲೇ ತಿಳಿದಿದ್ದೆವು.

ಒಂದನೇ ಕ್ಲಾಸಿನ ಕೊನೆಯಲ್ಲಿ ಅವಳ ಮಿಸ್ ನನ್ನನ್ನು ಸ್ಕೂಲಿಗೆ ಕರೆಸಿದರು. ಒಳ್ಳೆಯವರೇ, ಬೈಯಲಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಬರೆದುಕೊಳ್ಳುವುದಿಲ್ಲ, ಸಾಲಿನಲ್ಲಿ ನಿಲ್ಲು ಅಂದರೆ ಪಕ್ಕದವರ ಮೇಲೆ ಬೀಳುತ್ತಾಳೆ, ಚೆಂಡು ಎಸೆದರೆ ಅದು ಎದೆಗೆ ಬಡಿದಮೇಲೆ ಕೈ ಮುಂದೆ ಮಾಡುತ್ತಾಳೆ ಅಂದರು. ಆಮೇಲೆ ದನಿ ತಗ್ಗಿಸಿ, "ಹೇಳಿದ್ದು ತಲೆಗೆ ಹೋಗ್ತಿಲ್ಲ ಅನ್ಸುತ್ತೆ ಮೇಡಂ" ಅಂದರು. ಒಂದನೇ ಕ್ಲಾಸಿನಲ್ಲೇ ಇನ್ನೊಂದು ವರ್ಷ ಇರಲಿ, ಇಲ್ಲವೇ ಅಂಥ ಮಕ್ಕಳ ಶಾಲೆ ನೋಡಿ, ಏನಕ್ಕೂ ಒಂದು ಸಲ ತೋರಿಸಿ ರಿಪೋರ್ಟ್ ತನ್ನಿ ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ನನ್ನ ತೊಡೆಯ ಮೇಲೆ ಕೂತು ಅಂಗಡಿಗಳ ಬೋರ್ಡು ಓದುತ್ತಿದ್ದಳು. ಒಂದನ್ನೂ ಬಿಡಲಿಲ್ಲ. ಓದುವ ಮಗುವಿನ ತಲೆಗೆ ಏನು ಹೋಗುತ್ತಿಲ್ಲ? ತಲೆಗೆ ಹೋದದ್ದು ಕೈಗೆ ಇಳಿಯುತ್ತಿಲ್ಲವೋ, ತಲೆಗೇ ಹೋಗುತ್ತಿಲ್ಲವೋ? ಅಷ್ಟು ಗೊತ್ತಾಗಲಿ ತಂದೆ ಅಂತ ದೇವರಾಯನದುರ್ಗದ ನರಸಿಂಹಸ್ವಾಮಿಯನ್ನು ಬೇಡಿಕೊಂಡೆ. ಮಗುವನ್ನು ಸರಿ ಮಾಡು ಅಂತ ಬೇಡಲಿಲ್ಲ. ಯಾಕೋ ಆ ಗಳಿಗೆಯಲ್ಲಿ ಅಷ್ಟು ದೊಡ್ಡದನ್ನು ಕೇಳಲು ಬಾಯಿ ಬರಲಿಲ್ಲ.

ಮನೆಯಲ್ಲಿ ಅತ್ತೆಯ ತೀರ್ಪು ಬೇರೆಯೇ. ಅವರ ಊರು ಕುಣಿಗಲ್ಲಿನ ಕುದುರೆ ಫಾರಂ ಹತ್ತಿರ. ಚಿಕ್ಕಂದಿನಲ್ಲಿ ಬೇಲಿ ಆಚೆ ನಿಂತು ಕುದುರೆಮರಿಗಳನ್ನು ನೋಡಿ ಬೆಳೆದವರು. ಹುಟ್ಟಿದ ಮರಿ ಮೊದಲ ಸಲ ಎದ್ದು ನಿಲ್ಲುವಾಗ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗುತ್ತವಂತೆ. ಬಿದ್ದು, ಎದ್ದು, ಮತ್ತೆ ಬಿದ್ದು, ಸಂಜೆಯಾಗುವುದರೊಳಗೆ ತಾಯಿಯ ಪಕ್ಕ ಓಡುತ್ತಿರುತ್ತದಂತೆ. "ಇವಳೂ ಒಂದಿನ ಹಂಗೇ ಎದ್ದು ಓಡ್ತಾಳೆ ಬುಡು. ಸೋಮಾರಿ ಅಷ್ಟೇಯ." ಆ ಸಂಜೆ ಇನ್ನೂ ಆಗಿರಲಿಲ್ಲ, ಅಷ್ಟೇ ನಮ್ಮ ತೊಂದರೆ. ಆದರೂ ಆ ಕುದುರೆಮರಿ ಅವತ್ತಿನಿಂದ ನನ್ನ ಕನಸಿಗೆ ಬರಲು ಶುರುವಾಯಿತು. ಇಬ್ಬನಿಯ ಹುಲ್ಲಿನ ಮೇಲೆ, ಬೆಳ್ಳಗೆ, ಕಾಲು ನಡುಗಿಸುತ್ತಾ ನಿಂತಿರುತ್ತಿತ್ತು. ಓಡುತ್ತಿರಲಿಲ್ಲ. ಬೀಳುತ್ತಲೂ ಇರಲಿಲ್ಲ.

ಮಗಳನ್ನು ಅನ್ನುವುದೇನು, ನನ್ನ ಕಥೆಯೂ ಕೇಳಿ. ನನ್ನ ತವರು ಗುಬ್ಬಿ. ನಮ್ಮ ಮನೆಯ ಎದುರು ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಅಂಗಳ, ಸಿಪ್ಪೆಯ ಒಗರು ವಾಸನೆ, ಗಾಳಿಗೆ ಹಾರುವ ನಾರು. ಆ ಅಂಗಳದಲ್ಲೇ ನಮ್ಮ ಕುಂಟೆಬಿಲ್ಲೆ. ಹೆಂಚಿನ ಚೂರಿನಲ್ಲಿ ಮನೆ ಗೀಚಿ, ಒಂಟಿ ಕಾಲಲ್ಲಿ ಕುಪ್ಪಳಿಸಬೇಕು. ನಾನು ಎರಡನೇ ಮನೆಗೆ ಹೋಗುವಷ್ಟರಲ್ಲಿ ನನ್ನ ಇನ್ನೊಂದು ಕಾಲು ಯಾರನ್ನೂ ಕೇಳದೆ ನೆಲಕ್ಕೆ ಬಂದಿರುತ್ತಿತ್ತು. ಪಾಪ, ಗೆಳತಿಯರು ಒಳ್ಳೆಯವರು. ಅಳಿಸಬಾರದು ಅಂತ ನನ್ನನ್ನು "ಆಟಕ್ಕುಂಟು ಲೆಕ್ಕಕ್ಕಿಲ್ಲ" ಮಾಡಿಬಿಟ್ಟರು. ನಾನು ಗೆದ್ದರೂ ಇಲ್ಲ, ಸೋತರೂ ಇಲ್ಲ. ಖುಷಿಯಾಗಿ ಆಡುತ್ತಿದ್ದೆ. ಸಂಜೆ ಎಲ್ಲರೂ ಯಾರು ಗೆದ್ದರು ಅಂತ ಜಗಳ ಆಡುವಾಗ ಮಾತ್ರ ನನಗೆ ಮಾತಿರುತ್ತಿರಲಿಲ್ಲ.

ಹೂ ಕಟ್ಟುವುದನ್ನು ಕಲಿತದ್ದೂ ಹಾಗೇ, ಎಲ್ಲರಿಗಿಂತ ತಡವಾಗಿ. ಬಾಳೆನಾರು ಒದ್ದೆ ಮಾಡಿಕೊಂಡು ಅವ್ವನ ಪಕ್ಕ ಕೂರುತ್ತಿದ್ದೆ. ನನ್ನ ಗಂಟು ಯಾವಾಗಲೂ ಸಡಿಲ. ಒಂದು ಸಲ ಹಬ್ಬದ ದಿನ ನಾನು ಕಟ್ಟಿದ ಮಾಲೆಯನ್ನೇ ದೇವರಿಗೆ ಹಾಕಿದರು. ಮಂಗಳಾರತಿ ಹೊತ್ತಿಗೆ ಒಂದೊಂದೇ ಹೂವು ಉದುರಿ, ಕೊನೆಗೆ ಫೋಟೋದ ಮೇಲೆ ಬರೀ ನಾರು. ಅಪ್ಪ ಕೈ ಮುಗಿದುಕೊಂಡೇ ಅಂದರು, "ದೇವ್ರಿಗೆ ಬಿಡಿ ಹೂವೇ ಇಷ್ಟ ಬುಡು ಮಗ." ಆ ಒಂದು ಮಾತು ನನ್ನನ್ನು ಇಲ್ಲಿಯವರೆಗೂ ಹೊತ್ತು ತಂದಿದೆ. ಈಗಲೂ ಸಂಜೆ ಹೊಸಿಲ ಹತ್ತಿರ ಕೂತು ಕನಕಾಂಬರ ಕಟ್ಟುವಾಗ ಒಂದೊಂದು ಗಂಟಿಗೂ ಆ ದಿನ ದೇವರು ಮಾಡಿದ ಒಂದೊಂದು ಉಪಕಾರ ನೆನೆಸಿಕೊಳ್ಳುತ್ತೇನೆ. ನೀರು ಬಂತು, ಒಂದು ಗಂಟು. ಹುಣಸೆಹಣ್ಣಿಗೆ ಹುಳ ಹಿಡಿದಿಲ್ಲ, ಒಂದು ಗಂಟು. ಸಿಂಚನ ಇವತ್ತು ಬಿದ್ದರೂ ಹಲ್ಲು ಮುರಿಯಲಿಲ್ಲ, ಇನ್ನೊಂದು. ಕೆಲವು ಗಂಟು ಬಿಚ್ಚಿಕೊಳ್ಳುತ್ತವೆ. ಉಪಕಾರ ಬಿಚ್ಚಿಕೊಳ್ಳುವುದಿಲ್ಲವಲ್ಲ.

ಬೇಸಿಗೆ ರಜೆಯಲ್ಲಿ ಬಟವಾಡಿಯಲ್ಲೇ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕೆಳಗೆ ಬೇಕರಿ, ಮೇಲೆ ಕ್ಲಿನಿಕ್ಕು. ಮೆಟ್ಟಿಲು ಹತ್ತುವಾಗ ಬನ್ನಿನ ಬಿಸಿ ವಾಸನೆ ನಮ್ಮ ಜೊತೆಗೇ ಹತ್ತಿ ಬಂತು. ಅತ್ತೆಯೂ ಬಂದಿದ್ದರು. ಅವರನ್ನು ಬಿಟ್ಟು ಹೋಗುವಷ್ಟು ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಒಳ್ಳೆ ಕೆಲಸಕ್ಕೆ ಹೋಗುತ್ತಿದ್ದೀವಿ ಅಂತ ಬೆಳಿಗ್ಗೆ ಮಗುವಿಗೆ ಎಣ್ಣೆ ನೀರು ಹಾಕಿ, ತೋಳಿಗೆ ತಾಯತ ಕಟ್ಟಿ, ಅಂಗೈಗೂ ಉಳಿದ ಕೊಬ್ಬರಿ ಎಣ್ಣೆ ಒರೆಸಿ ತಯಾರು ಮಾಡಿದ್ದರು.

ಮಕ್ಕಳಿಗೆ ಥೆರಪಿ ಕೊಡುವ ಮೇಡಂ ಚಿಕ್ಕ ವಯಸ್ಸಿನ ಹುಡುಗಿ. ಅತ್ತೆ ಕೂರುವ ಮುಂಚೆಯೇ, "ಯಾವೂರವ್ವ ನಿಮ್ದು?" ಅಂದರು.

"ಊರ್ಡಿಗೆರೆ ಅಜ್ಜಿ. ದಿನಾ ಬಸ್ಸಲ್ಲಿ ಓಡಾಡ್ತೀನಿ."

ಅಲ್ಲಿಂದ ಅತ್ತೆಗೆ ಸಮಾಧಾನವಾಯಿತು. ಊರ್ಡಿಗೆರೆಯಲ್ಲಿ ಅವರ ಸೋದರತ್ತೆಯ ಮನೆಯಿತ್ತಂತೆ. ಆ ಮನೆಯ ಹಸುವಿನ ತನಕ ಮಾತು ಹೋಗಿ ಬಂದಮೇಲೆ ಮೇಡಂ ನಯವಾಗಿ ಒಂದು ಕರಾರು ಹಾಕಿದರು. ಇಬ್ಬರೂ ಕೋಣೆಯಲ್ಲೇ ಕೂರಬಹುದು, ಆದರೆ ಮಗುವಿಗೆ ಏನೂ ಹೇಳಿಕೊಡಬಾರದು. ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಕೂತರು, ಮಾತು ತಾನಾಗಿ ಹೊರಗೆ ಬಂದರೆ ತಡೆಯಲು.

ಪರೀಕ್ಷೆ ಅಂದರೆ ನಾನು ಯಂತ್ರ, ವಯರು, ಸೂಜಿ ಅಂತೆಲ್ಲ ನೆನೆಸಿಕೊಂಡಿದ್ದೆ. ಮೇಡಂ ಒಂದು ಪೆಟ್ಟಿಗೆ ತೆರೆದು ಆಟದ ಸಾಮಾನು ತೆಗೆದರು. ತೂತಿನ ಹಲಗೆಗೆ ಒಂದೊಂದೇ ಗೂಟ ಸಿಕ್ಕಿಸಬೇಕು. ಸಿಂಚನಳ ಮೊದಲನೇ ಗೂಟ ಎಣ್ಣೆ ಕೈಯಿಂದ ಜಾರಿ ಮೇಡಂ ಚಪ್ಪಲಿಯ ಹತ್ತಿರ ಹೋಯಿತು. ಮೇಡಂ ಅವಳ ಕೈ ಒರೆಸಿ ಮತ್ತೆ ಮೊದಲಿನಿಂದ ಮಾಡಿಸಿದರು. ಅತ್ತೆ ಕಿಟಕಿಯ ಕಡೆ ನೋಡಿದರು. ಆಮೇಲೆ ದಾರಕ್ಕೆ ಮಣಿ ಪೋಣಿಸುವುದು. ಎರಡು ಗೆರೆಗಳ ನಡುವಿನ ದಾರಿಯಲ್ಲಿ ಪೆನ್ಸಿಲ್ಲು ಆಚೆ ಈಚೆ ಹೋಗದಂತೆ ಎಳೆಯುವುದು. ಕಾಳು ತುಂಬಿದ ಪುಟ್ಟ ಚೀಲವನ್ನು ದೂರದ ಚಾಪೆಯ ಮೇಲೆ ಬೀಳುವಂತೆ ಎಸೆಯುವುದು. ಒಂಟಿ ಕಾಲಲ್ಲಿ ನಿಲ್ಲುವುದು.

ಇದು ಗುಬ್ಬಿಯ ನಮ್ಮ ಅಂಗಳವಲ್ಲವೇ! ಹೂ ಪೋಣಿಸುವುದು, ಚೆಂಡು ಹಿಡಿಯುವುದು, ಕುಂಟೆಬಿಲ್ಲೆ, ಎಲ್ಲ ಒಂದು ಪೆಟ್ಟಿಗೆಯೊಳಗೆ ಬಂದು ಕೂತಿವೆ. ವ್ಯತ್ಯಾಸ ಒಂದೇ. ಇಲ್ಲಿ ಆಟವೂ ಉಂಟು, ಲೆಕ್ಕವೂ ಉಂಟು. ಮೇಡಂ ಒಂದೊಂದನ್ನೂ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ಮಣಿಗಳು ಉರುಳುತ್ತಿದ್ದವು, ಪೆನ್ಸಿಲ್ಲು ದಾರಿ ಬಿಟ್ಟು ಹೊಲಕ್ಕೆ ಇಳಿಯುತ್ತಿತ್ತು, ಚೀಲ ಒಂದು ಸಲ ಅತ್ತೆಯ ಮಡಿಲಿಗೇ ಬಂದು ಬಿತ್ತು. ಆದರೂ ಅವಳು ಮೇಡಂ ಹೇಳಿದ್ದನ್ನೆಲ್ಲ ಮಾಡಲು ನೋಡುತ್ತಿದ್ದಳು, ನಾಲಿಗೆ ಹೊರಗೆ ಚಾಚಿಕೊಂಡು, ಮೂಗಿನ ಮೇಲೆ ಬೆವರು ಬರಿಸಿಕೊಂಡು.

ಆಮೇಲೆ ಬಂತು ಗೆರೆ. ನೆಲದ ಮೇಲೆ ಬಾಗಿಲಿನಿಂದ ಗೋಡೆಯವರೆಗೆ ಬಿಳೀ ಟೇಪು ಅಂಟಿಸಿದ್ದರು. ಅದರ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನಡೆಯಬೇಕು. ನಾವು ಗುಡಿಯಲ್ಲಿ ಹರಕೆ ಹೊತ್ತು ಹೆಜ್ಜೆ ನಮಸ್ಕಾರ ಹಾಕುತ್ತೀವಲ್ಲ, ಥೇಟ್ ಹಾಗೆ. ನಮಗೆ ಸೇವೆಯಾದದ್ದು ಇವರಿಗೆ ಪರೀಕ್ಷೆ ಅಂತ ನಾನು ಯೋಚಿಸುತ್ತಿದ್ದೆ. ಮೇಡಂ ತಾವೇ ನಡೆದು ತೋರಿಸಿದರು. ಸಿಂಚನ ತಲೆಯಾಡಿಸಿದಳು. ಹೋಗಿ ಗೋಡೆಗೆ ಒಂದು ಕೈ ಊರಿಕೊಂಡು, ಗೆರೆಯಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರದಲ್ಲಿ ನಡೆದು ಆ ತುದಿ ಮುಟ್ಟಿದಳು.

ಮೇಡಂ ಮತ್ತೆ ಹೇಳಿದರು, ಮತ್ತೆ ತೋರಿಸಿದರು. ಮತ್ತೆ ಗೋಡೆ. ಮೂರನೇ ಸಲವೂ ಗೋಡೆ.

ಮೇಡಂ ಪೆನ್ನು ಕಾಗದದ ಮೇಲೆ ಬಂದು ನಿಂತಿತು. ನನಗೆ ಸ್ಕೂಲಿನ ಮಿಸ್ ಮಾತು ಕಿವಿಯಲ್ಲೇ ಕೇಳಿಸಿತು. ಹೇಳಿದ್ದು ತಲೆಗೆ ಹೋಗ್ತಿಲ್ಲ. ಹಾಗಾದರೆ ಅದೇ ನಿಜ. ಈಗ ಬರೆಯುತ್ತಾರೆ. ಬರೆದಮೇಲೆ ಅದು ಅವಳ ಜೊತೆ ಎಲ್ಲ ಶಾಲೆಗೂ ಹೋಗುತ್ತದೆ. ಕೋಣೆಯಲ್ಲಿ ಬನ್ನಿನ ವಾಸನೆ, ಫ್ಯಾನಿನ ಸದ್ದು. ನಾನು ಕೂತಲ್ಲೇ ಕಣ್ಣು ಮುಚ್ಚಿಕೊಂಡೆ. ಆ ಬಿಳೀ ಕುದುರೆಮರಿ ಬಂದು ನಿಂತಿತು.

ಪೆನ್ನಿನ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಮೇಡಂ ಪೆನ್ನು ಕೆಳಗಿಟ್ಟು ಮಗುವಿನ ಎದುರು ಮಂಡಿಯೂರಿ ಕೂತಿದ್ದರು.

"ಯಾಕೆ ಪುಟ್ಟ, ಗೆರೆ ಮೇಲೆ ಕಾಲಿಡಲ್ವಾ?"

ಸಿಂಚನ ಒಂದು ಸಲ ಅಜ್ಜಿಯ ಮುಖ ನೋಡಿದಳು. ಆಮೇಲೆ ದೊಡ್ಡವರಿಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವವರ ಹಾಗೆ ಮೆಲ್ಲಗೆ ಹೇಳಿದಳು. "ರಂಗೋಲಿ ತುಳೀಬಾರ್ದು ಮಿಸ್. ಲಕ್ಷ್ಮಿ ಮುನಿಸ್ಕೋತಾಳೆ."

ಮೇಡಂ ನಗಲಿಲ್ಲ. ಹೌದಲ್ವಾ ಅಂದರು. ಎದ್ದು, ಬಿಳೀ ಟೇಪನ್ನು ಪೂರ್ತಿ ಕಿತ್ತು ಉಂಡೆ ಮಾಡಿ ಬುಟ್ಟಿಗೆ ಹಾಕಿದರು. ಅದರ ಜಾಗದಲ್ಲಿ ನೀಲಿ ಟೇಪು ಅಂಟಿಸಿದರು. "ಇದು ರಂಗೋಲಿ ಅಲ್ಲ, ರಸ್ತೆ. ಇದ್ರ ಮೇಲೆ ಎಲ್ರೂ ಓಡಾಡ್ಬೋದು" ಅಂದರು.

ಸಿಂಚನ ಗೋಡೆ ಬಿಟ್ಟಳು. ನೀಲಿ ಗೆರೆಯ ಮೇಲೆ ಒಂದು ಕಾಲಿಟ್ಟಳು. ಅದರ ಮುಂದೆ ಇನ್ನೊಂದು. ಎರಡೂ ಕೈ ಹರಡಿಕೊಂಡು, ಗಾಳಿಗೆ ಸಿಕ್ಕ ಬಾಳೆ ಎಲೆಯ ಹಾಗೆ ತೂಗಾಡಿದಳು, ಗೆರೆಯ ಆಚೆ ಬಿದ್ದಳು, ಎದ್ದು ಬಂದು ಬಿದ್ದ ಜಾಗದಿಂದಲೇ ಮತ್ತೆ ಹಿಮ್ಮಡಿಗೆ ಬೆರಳು ತಾಗಿಸಿದಳು. ನಡಿಗೆ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ, ದೇವರ ಮುಂದೆ ಸುಳ್ಳು ಯಾಕೆ. ಆದರೆ ಮೇಡಂ ಏನು ಹೇಳಿದ್ದರೋ ಅದನ್ನೇ ಮಾಡಲು ನೋಡುತ್ತಿದ್ದಳು, ಒಂದು ಹೆಜ್ಜೆಯನ್ನೂ ಬಿಡದೆ. ಅತ್ತೆ ಸೆರಗನ್ನು ಬಾಯಿಂದ ತೆಗೆದು ಕಣ್ಣಿಗೆ ಒತ್ತಿಕೊಂಡರು.

ಎಲ್ಲ ಮುಗಿದಮೇಲೆ ಮೇಡಂ ಹೇಳಿದ ಮಾತನ್ನು ನಾನು ಇವತ್ತಿಗೂ ಹೂ ಕಟ್ಟುವಾಗ ಹೇಳಿಕೊಳ್ಳುತ್ತೇನೆ. "ನೋಡಿ ಅಕ್ಕ, ಇವಳು ನಮ್ಮ ಮಾತು ಪೂರ್ತಿ ಕೇಳ್ತಾಳೆ. ಇವಳ ಕೈಕಾಲು ಇವಳ ಮಾತು ಕೇಳಲ್ಲ, ಅಷ್ಟೇ."

ಸೋಮಾರಿತನವಲ್ಲ, ಹಟವಲ್ಲ, ದಡ್ಡತನವಲ್ಲ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಹೀಗಿರುತ್ತದಂತೆ. ತಾನಾಗಿ ಮಾಯವಾಗುವುದಿಲ್ಲ, ಆದರೆ ದಿನಾ ಆಡಿಸಿದರೆ ಸುಲಭವಾಗುತ್ತಾ ಬರುತ್ತದೆ ಅಂದರು. ಮನೆಯಲ್ಲಿ ಬೇರೆಯವರಿಗೂ ಇರಬಹುದು, ಚಿಕ್ಕಂದಿನಲ್ಲಿ ನಿಮಗೆ ಹೇಗಿತ್ತು ಅಂತ ಕೇಳಿದರು. ನಾನು ಕುಂಟೆಬಿಲ್ಲೆ ಕಥೆ ಹೇಳಿ, ಈಗ ದೊಡ್ಡವಳಾಗಿದ್ದೀನಿ, ನಿಂತೇನು ಅಂತ ಎದ್ದು ಒಂಟಿ ಕಾಲಲ್ಲಿ ನಿಂತು ತೋರಿಸಲು ಹೋದೆ. ಸೀದಾ ಹೋಗಿ ಅತ್ತೆಯ ಭುಜ ಹಿಡಿದುಕೊಂಡೆ. ಸಿಂಚನ ಬಿದ್ದು ಬಿದ್ದು ನಕ್ಕಳು. "ಅಮ್ಮನ್ನೂ ಬರ್ಕೊಳ್ಳಿ ಮಿಸ್" ಅಂದಳು.

ಮನೆಗೆ ಬಂದು ಗೇಟು ತೆಗೆದ ಅತ್ತೆ ಬೆಳಿಗ್ಗೆ ತಾವೇ ಬಿಟ್ಟ ರಂಗೋಲಿಯ ಮುಂದೆ ನಿಂತುಕೊಂಡರು. ಮಗು ಕೈಯಲ್ಲಿ ಬನ್ನು ಹಿಡಿದುಕೊಂಡೇ ಗೋಡೆಗೆ ಒತ್ತಿಕೊಂಡು ಬಳಸಿ ಒಳಗೆ ಹೋದಳು. ಅತ್ತೆ ಅವಳು ಹೋದ ದಾರಿಯನ್ನೇ ನೋಡುತ್ತಿದ್ದರು. ಅವತ್ತು ಸಂಜೆ ಟ್ರಂಕು ತೆಗೆದು ತಮ್ಮ ನೇರಳೆ ಸೀರೆಗೆ ಕತ್ತರಿ ಹಾಕಿದರು. ಮೂರ್ನಾಲ್ಕು ಚೀಲ ಹೊಲಿದು ಹುರುಳಿ ತುಂಬಿದರು. ಮೇಡಂ ಹತ್ತಿರ ಇದ್ದದ್ದು ಸಪೂರ ಚೀಲ, ಇವರದ್ದು ಹಬ್ಬದ ಕಡುಬಿನ ಹಾಗೆ ದುಂಡಗೆ.

ಬೇಸಿಗೆಯೆಲ್ಲ ನಮ್ಮ ಹಿತ್ತಲಲ್ಲಿ ಆ ಚೀಲಗಳು ಹಾರಿದವು. ನಮ್ಮೆಜಮಾನರೂ ಕೆಲಸದಿಂದ ಬಂದು ಒಂದೆರಡು ಎಸೆಯುತ್ತಿದ್ದರು. ಅವರ ಗುರಿಯೂ ಅಷ್ಟಕ್ಕಷ್ಟೇ. ಒಂದು ಪಕ್ಕದ ಮನೆಯ ತಾರಸಿ ಸೇರಿತು, ಇನ್ನೊಂದು ಕಾಣೆಯಾಯಿತು. ಮೊನ್ನೆ ಸಿಕ್ಕಿದ್ದು ಅದೇ. ರಿಪೋರ್ಟ್ ನೋಡಿದ ಮಿಸ್ ಅವಳನ್ನು ಎರಡನೇ ಕ್ಲಾಸಿಗೆ ಕಳಿಸಲು ಒಪ್ಪಿಕೊಂಡರು. ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ, ಬರೆಯಲು ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತಾರೆ. ಇವಳು ಈಗಲೂ ಬೀಳುತ್ತಾಳೆ. ಹೋದ ವಾರ ಒಂದು ಲೋಟ ಹಾಲು ಚೆಲ್ಲದೆ ಕುಡಿದು, ಕೊನೆಯಲ್ಲಿ ಖಾಲಿ ಲೋಟ ಬೀಳಿಸಿದಳು. ಅದಕ್ಕೂ ಒಂದು ಗಂಟು ಹಾಕಿದೆ.

ವರಮಹಾಲಕ್ಷ್ಮಿ ಹಬ್ಬ ಬಂತು. ನಮ್ಮ ಮನೆಯಲ್ಲಿ ಹೊಸಿಲಿನಿಂದ ದೇವರ ಮನೆಯವರೆಗೆ ಲಕ್ಷ್ಮಿಯ ಹೆಜ್ಜೆ ಬರೆಯುವುದು ಪದ್ಧತಿ. ಅತ್ತೆಯ ಕೈಯಲ್ಲಿ ಅದು ಅಚ್ಚೊತ್ತಿದ ಹಾಗೆ ಬರುತ್ತದೆ, ಒಂದು ಬೆರಳು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈ ಸಲ ನಾನು ಒಬ್ಬಟ್ಟು ತಟ್ಟುತ್ತಿದ್ದೆ. ಅತ್ತೆ ಅಗಲ ತಟ್ಟೆಯಲ್ಲಿ ಅಕ್ಕಿಹಿಟ್ಟು ಕಲೆಸುವುದು ಕಾಣಿಸಿತು. ಹೊಸಿಲಾಚೆ ಇಟ್ಟು, ಮೊಮ್ಮಗಳನ್ನು ಕರೆದರು.

"ಬಾರವ್ವ. ಇದ್ರಾಗೆ ಕಾಲಿಟ್ಟು ಒಳಕ್ಕೆ ನಡ್ಕೊಂಡು ಬಾ."

ಸಿಂಚನ ತಟ್ಟೆ ನೋಡಿದಳು, ಅಜ್ಜಿಯನ್ನು ನೋಡಿದಳು. "ತುಳೀಬೋದಾ ಅಜ್ಜಿ?"

"ನೀನು ತುಳಿದ್ರೇನೇ ಅವಳು ಬರೋದು ಕಣೇ."

ಅವಳು ಬಂದಳು. ಕೈ ಎರಡೂ ಹರಡಿಕೊಂಡು, ರೇಷ್ಮೆ ಲಂಗ ತೂಗಾಡಿಸಿಕೊಂಡು, ನಾಲಿಗೆ ಹೊರಗೆ ಚಾಚಿಕೊಂಡು. ಕೆಂಪು ನೆಲದ ಮೇಲೆ ಒಂದು ಹೆಜ್ಜೆ ಹೀಗೆ, ಇನ್ನೊಂದು ಹಾಗೆ. ನಡುಮನೆಯಲ್ಲಿ ಲಕ್ಷ್ಮಿ ಒಂದು ಸಲ ಮುಗ್ಗರಿಸಿ ಅಂಗೈಯನ್ನೂ ಒತ್ತಿದ್ದಾಳೆ. ಅಲ್ಲಿಂದ ಎದ್ದು ಸೀದಾ ಕಲಶದ ಮುಂದೆ ಹೋಗಿ ನಿಂತಿದ್ದಾಳೆ. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು, ಇದೇನು ಅಜ್ಜಿ, ಈ ವರ್ಷ ಲಕ್ಷ್ಮಿ ಹಿಂಗೆ ಸೊಟ್ಟ ಸೊಟ್ಟ ಬಂದವ್ಳೆ ಅಂತ ನಕ್ಕರು. ಅತ್ತೆ ಅವರ ಕೈಗೆ ತಾಂಬೂಲ ಇಡುತ್ತಾ, "ಬಂದವ್ಳಲ್ಲ" ಅಂದರು.

ಹುರುಳಿಯನ್ನು ಚೀಲದ ಸಮೇತ ತುಳಸಿಯ ಪಕ್ಕದ ಕುಂಡದಲ್ಲಿ ಹೂತಿದ್ದೀನಿ. ಏನಾಗುತ್ತದೋ ನೋಡೋಣ. ಹಬ್ಬದ ಹೆಜ್ಜೆಗಳೆಲ್ಲ ನೆಲ ಒರೆಸಿ ಒರೆಸಿ ಹೋದವು, ಬಾಗಿಲ ಹತ್ತಿರದ ಒಂದು ಪುಟ್ಟ ಹೆಜ್ಜೆ ಮಾತ್ರ ಹಾಗೇ ಇದೆ. ಒರೆಸುವ ಬಟ್ಟೆ ಅಲ್ಲಿಗೆ ಬಂದಾಗ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅತ್ತೆಯೂ ನೋಡಿದ್ದಾರೆ. ಬೆಳಿಗ್ಗೆ ರಂಗೋಲಿ ಡಬ್ಬ ಹಿಡಿದು ಹೊರಗೆ ಹೋಗುವಾಗ ಅವರೂ ಗೋಡೆಗೆ ಒಂದು ಕೈ ಊರಿಕೊಂಡು, ಅದನ್ನು ಬಳಸಿಕೊಂಡೇ ಹೋಗುತ್ತಾರೆ.